ಊರಿಗಿಂತ ಮೊದಲು ತಿಂಗಳು ನೋಡಿ

ಥಾಯ್ಲೆಂಡಿನ ಕಡಲೂರಿಗೆ ಹೊರಟವರು ಹೋಟೆಲಿನ ಫೋಟೊ ನೋಡುವ ಮೊದಲು ಕ್ಯಾಲೆಂಡರ್ ನೋಡುವುದು ಒಳ್ಳೆಯದು. ಫುಕೆಟ್ ದ್ವೀಪದ ಪಟಾಂಗ್ ಇರುವುದು ಅಂಡಮಾನ್ ಸಮುದ್ರದ ದಂಡೆಯಲ್ಲಿ. ನಮ್ಮ ಕರಾವಳಿಯನ್ನು ತೋಯಿಸುವ ನೈಋತ್ಯ ಮಾರುತವೇ ಅಲ್ಲಿಗೂ ಮೇಯಿಂದ ಅಕ್ಟೋಬರ್‌ವರೆಗೆ ಮಳೆ ತರುತ್ತದೆ. ಪೂರ್ವದ ಕೊಲ್ಲಿಯಲ್ಲಿರುವ ಸಮುಯಿ ದ್ವೀಪದ ಚವೆಂಗ್‌ನಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗೆ ಪಟಾಂಗ್, ಜುಲೈ, ಆಗಸ್ಟ್‌ನಲ್ಲಿ ಚವೆಂಗ್. ದಸರಾ ರಜೆಗೆ ಎರಡೂ ಅಷ್ಟಕ್ಕಷ್ಟೇ.

ಮಳೆಗಾಲದಲ್ಲಿ ಕೋಣೆ ಬಾಡಿಗೆ ಅಗ್ಗ, ಮಳೆಯೂ ಒಂದೆರಡು ತಾಸು ಸುರಿದು ನಿಲ್ಲುತ್ತದಲ್ಲ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಮಳೆ ಬಿಟ್ಟರೂ ಅಲೆ ಬಿಡುವುದಿಲ್ಲ. ಒಳಸೆಳೆತ ಜೋರಾದ ದಿನ ಪಟಾಂಗ್ ದಂಡೆಯಲ್ಲಿ ಕೆಂಪು ಬಾವುಟ ಏರುತ್ತದೆ, ನೀರಿಗಿಳಿಯುವಂತಿಲ್ಲ. ಈಜಲಾಗದ ಕಡಲಿಗಾಗಿ ವಿಮಾನ ಹತ್ತಿ ಅಷ್ಟು ದೂರ ಹೋಗಬೇಕೆ? ಇನ್ನು ಗದ್ದಲದ ಮಾತು. ಪಟಾಂಗ್‌ನ ಬಾಂಗ್ಲಾ ರಸ್ತೆಯ ಬಾರುಗಳ ಸದ್ದು ನಡುರಾತ್ರಿ ದಾಟಿದರೂ ಇಳಿಯದು. ಅದು ಬೇಕೆಂದೇ ಹೋಗುವವರಿಗೆ ಸರಿ. ಮಕ್ಕಳು, ಹಿರಿಯರು ಜೊತೆಗಿದ್ದರೆ ದಕ್ಷಿಣದ ಕಾಟಾದಲ್ಲಿ ಕೋಣೆ ಹಿಡಿದು, ಸಂಜೆಗಷ್ಟೇ ಪಟಾಂಗ್‌ಗೆ ಹೋಗಿಬನ್ನಿ. ಟ್ಯಾಕ್ಸಿ ಅಲ್ಲಿ ದುಬಾರಿ, ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ.