ಹಾರೆ ಬೀಳುವ ಮೊದಲು: ಹಳೇ ಕಟ್ಟಡ ಉಳಿಸಿಕೊಂಡೇ ಬದಲಾಯಿಸುವ ಸೂತ್ರಗಳು

ಉತ್ತರ ಚೆನ್ನೈನ ಮಣಲಿ ಎಂದರೆ ಎಲ್ಲರಿಗೂ ನೆನಪಾಗುವುದು ತೈಲ ಶುದ್ಧೀಕರಣ ಘಟಕ. 1965ರಲ್ಲಿ ಮದ್ರಾಸ್ ರಿಫೈನರೀಸ್ ಸ್ಥಾಪನೆಯಾದ ಮೇಲೆ ಹೊಗೆಗೊಳವೆಗಳೇ ಊರಿನ ಗುರುತಾದವು. ಅದಕ್ಕೂ ಇನ್ನೂರು ವರ್ಷ ಹಿಂದೆ ಮದರಾಸಿನಲ್ಲಿ ಈ ಊರಿನ ಹೆಸರು ಕೇಳಿಬಂದದ್ದು ಒಂದು ಗುಡಿಯ ಕಾರಣಕ್ಕೆ. ತನ್ನ ಕೋಟೆಯ ರಕ್ಷಣೆಗೆ ಬಯಲು ಬೇಕೆಂದು ಈಸ್ಟ್ ಇಂಡಿಯಾ ಕಂಪನಿ 1757ರಲ್ಲಿ ಪಟ್ಟಣದ ಚೆನ್ನಕೇಶವ ಪೆರುಮಾಳ್ ದೇವಸ್ಥಾನವನ್ನು ಕೆಡವಿತು. ಗವರ್ನರ್ ಪಿಗಟ್‌ನ ದುಭಾಷಿಯಾಗಿದ್ದ ಮಣಲಿ ಮುತ್ತುಕೃಷ್ಣ ಮೊದಲಿಯಾರ್ ಮುಂದೆ ನಿಂತು, ಬದಲಿ ಜಾಗ ಪಡೆದು, ಕೈಯಿಂದಲೂ ಹಣ ಹಾಕಿ, ಇಂದಿನ ಫ್ಲವರ್ ಬಜಾರಿನಲ್ಲಿ ಚೆನ್ನಕೇಶವ, ಚೆನ್ನಮಲ್ಲೀಶ್ವರ ಜೋಡಿಗುಡಿಗಳನ್ನು ಕಟ್ಟಿಸಿದರು. ಹಳೆಯ ಗುಡಿ ಇದ್ದ ಜಾಗ ಇಂದಿನ ಮದ್ರಾಸ್ ಹೈಕೋರ್ಟ್ ಆವರಣ. ನಗರದ ಪಾರಂಪರಿಕ ಕಟ್ಟಡಗಳಿಗೆ ಕಾವಲು ಕೊಟ್ಟ 2010ರ ತೀರ್ಪು ಬಂದದ್ದೂ ಅದೇ ಆವರಣದಿಂದ.

ಈಗ ನಿಮ್ಮ ಮನೆಯ ಮಾತಿಗೆ ಬರೋಣ. ಅಜ್ಜನ ಕಾಲದ ಮನೆ ನಿಮ್ಮ ಪಾಲಿಗೆ ಬಂದಿದೆ. ಮೇಲೊಂದು ಮಹಡಿ ಬೇಕು, ಒಳಗೇ ಬಚ್ಚಲು ಬೇಕು, ಮುಂದೆ ಕಾರು ನಿಲ್ಲಬೇಕು. ಮನೆ ಮಣಲಿಯಲ್ಲಿರಲಿ, ಬಸವನಗುಡಿಯಲ್ಲಿರಲಿ, ಮೈಸೂರಿನ ಅಗ್ರಹಾರದಲ್ಲಿರಲಿ, ಕೆಳಗಿನ ಮಾತುಗಳು ನಿಮಗಾಗಿ.

1. ಮೊದಲು ಪಟ್ಟಿ, ಆಮೇಲೆ ಮೇಸ್ತ್ರಿ

ನಿಮ್ಮ ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದೆಯೇ ನೋಡಿ. ಚೆನ್ನೈನ ಪಟ್ಟಿ ಹುಟ್ಟಿದ್ದು ಜಾಹೀರಾತು ಫಲಕಗಳ ಮೊಕದ್ದಮೆಯಿಂದ. ಯಾವ ಕಟ್ಟಡಗಳ ನೋಟಕ್ಕೆ ಹೋರ್ಡಿಂಗ್ ಅಡ್ಡ ಬರಬಾರದು ಎಂದು ನ್ಯಾಯಮೂರ್ತಿ ಇ. ಪದ್ಮನಾಭನ್ ಸಮಿತಿ 467 ಹೆಸರುಗಳನ್ನು ಗುರುತಿಸಿತ್ತು. 2010ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿಗಳಾದ ಪ್ರಭಾ ಶ್ರೀದೇವನ್ ಮತ್ತು ಟಿ.ಎಸ್. ಶಿವಜ್ಞಾನಂ ಅವರ ಪೀಠ ಆ ಕಟ್ಟಡಗಳನ್ನೇ ಕಾಪಾಡಬೇಕೆಂದಿತು. ಹಾಗಾಗಿ ಮಹಾನಗರ ಅಭಿವೃದ್ಧಿ ಪ್ರಾಧಿಕಾರದಡಿ ಪಾರಂಪರಿಕ ಸಂರಕ್ಷಣಾ ಸಮಿತಿ ಬಂತು. ಪಟ್ಟಿಯಲ್ಲಿರುವುದನ್ನು ಮುಟ್ಟುವ ಮೊದಲು ಅದರ ಒಪ್ಪಿಗೆ ಬೇಕು. ಇದಲ್ಲದೆ 2012ರ ತಮಿಳುನಾಡು ಪಾರಂಪರಿಕ ಆಯೋಗ ಕಾಯ್ದೆಯೂ 2024ರಲ್ಲಿ ಜಾರಿಗೆ ಬಂದಿದೆ. ಪಟ್ಟಿಯಲ್ಲಿ ಇಲ್ಲ ಎಂದಾಕ್ಷಣ ನಿಮ್ಮ ಮನೆಗೆ ಬೆಲೆಯಿಲ್ಲ ಎಂದುಕೊಳ್ಳಬೇಡಿ. ಕಾರ್ಖಾನೆ ಊರುಗಳ ಹಳೆ ಬೀದಿಗಳಿಗೆ ಪಟ್ಟಿ ಮಾಡುವವರು ಕಾಲಿಡುವುದೇ ಅಪರೂಪ. ಅಂಥ ಕಡೆ ಮನೆಯವರೇ ಕಾವಲುಗಾರರು.

2. ಸ್ಮಾರಕದಿಂದ ಎಷ್ಟು ದೂರ?

ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅಲ್ಲಿಂದಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಾದ ತಿದ್ದುಪಡಿ ಇದನ್ನು ಬಿಗಿ ಮಾಡಿತು. ನಿಷೇಧಿತ ವಲಯದಲ್ಲಿ ಹೊಸ ಮನೆ ಕಟ್ಟುವ ಹಾಗಿಲ್ಲ. ಮೊದಲಿನಿಂದ ಇರುವ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ಶ್ರೀರಂಗಪಟ್ಟಣ, ಹಳೇಬೀಡಿನ ಜನಕ್ಕೆ ಇದು ದಿನನಿತ್ಯದ ಮಾತು. ಹಂಪಿಗಂತೂ 2002ರ ಕಾಯ್ದೆಯ ಪ್ರಕಾರ ಪ್ರತ್ಯೇಕ ಪ್ರಾಧಿಕಾರವೇ ಇದೆ.

3. ಕೆಲಸಕ್ಕೆ ಮುಂಚೆ ಮನೆಯನ್ನು ಕಾಗದಕ್ಕಿಳಿಸಿ

ಪ್ರತಿ ಗೋಡೆ, ಬಾಗಿಲು, ಜಂತೆ, ಜಗಲಿ, ಕಂಬದ ಬೋದಿಗೆ ಎಲ್ಲದರ ಫೋಟೊ ತೆಗೆಯಿರಿ, ಅಳತೆ ಬರೆಯಿರಿ. ಹಳೆಯ ಕ್ರಯಪತ್ರ, ಕಂದಾಯದ ರಸೀದಿ, ಮದುವೆಯ ಗುಂಪುಫೋಟೊ ಹುಡುಕಿ. ಜಗಲಿಯ ಮೂಲ ಕಂಬ ಹೇಗಿತ್ತು ಎಂಬುದಕ್ಕೆ ಮದುವೆ ಫೋಟೊಗಿಂತ ಒಳ್ಳೆ ಸಾಕ್ಷಿ ಸಿಗುವುದು ಕಷ್ಟ.

4. ಸುಣ್ಣದ ಗೋಡೆಗೆ ಸಿಮೆಂಟ್ ಬಳಿಯಬೇಡಿ

ಹಳೇ ಮನೆಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಟ್ಟಿಗೆಯನ್ನು ಗಾರೆಯಲ್ಲಿ ಕಟ್ಟಿದ ಗೋಡೆ ನೆಲದಿಂದ ತೇವ ಹೀರುತ್ತದೆ, ಮೈಯಿಂದ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಬಂದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಉಪ್ಪು ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಗೋಡೆ ಒಳಗೆ ಮಣ್ಣಾಗಿರುತ್ತದೆ.

ಮದರಾಸಿನ ಗಾರೆ ಕೆಲಸದವರು ನುಣ್ಣಗೆ ಅರೆದ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ರಸ, ಮೊಟ್ಟೆಯ ಬಿಳಿ ಸೇರಿಸಿ ತಿಕ್ಕಿ ತಿಕ್ಕಿ ಅಮೃತಶಿಲೆಯ ಹೊಳಪು ತರುತ್ತಿದ್ದರು. ಮದ್ರಾಸ್ ಟೆರೇಸ್ ಕೂಡ ಅವರದೇ ಕೈಚಳಕ. ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚು ನಿಲ್ಲಿಸಿ ಓರೆಯಾಗಿ ಜೋಡಿಸಿ, ಮೇಲೆ ಸುಣ್ಣ ಮತ್ತು ಇಟ್ಟಿಗೆ ಚೂರಿನ ಹಾಸು ಬಡಿದು, ಅದರ ಮೇಲೆ ಚಪ್ಪಟೆ ಹೆಂಚು ಹಾಸುವ ತಾರಸಿ ಅದು. ಬೆಂಗಳೂರಿನ ಹಳೇ ಮನೆಗಳಲ್ಲೂ ಸಿಗುತ್ತದೆ. ಒಂದು ಜಂತೆ ಗೆದ್ದಲು ತಿಂದಿದ್ದರೆ ಆ ಒಂದನ್ನೇ ಬದಲಿಸಬಹುದು. ಇಡೀ ತಾರಸಿ ಕಿತ್ತು ಕಾಂಕ್ರೀಟ್ ಸುರಿಯಬೇಕಿಲ್ಲ. ಹಾಗೆ ಸುರಿದರೆ ಆ ಭಾರವನ್ನು ಹಳೇ ಗೋಡೆ ತಡೆಯುವುದೂ ಅನುಮಾನ.

ಮಣಲಿಯಂಥ ಕಡೆ ಇನ್ನೊಂದು ತೊಂದರೆ ಗಾಳಿಯದು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಅತಿ ಕಲುಷಿತ ಕೈಗಾರಿಕಾ ಪ್ರದೇಶಗಳಲ್ಲಿ ಮಣಲಿಯನ್ನೂ ಸೇರಿಸಿತ್ತು. ಗಂಧಕದ ಹೊಗೆ ತೇವದ ಜೊತೆ ಸೇರಿ ಸುಣ್ಣವನ್ನು ಜಿಪ್ಸಂ ಮಾಡುತ್ತದೆ. ಮೇಲ್ಮೈ ಕಪ್ಪು ಹಕ್ಕಳೆಯಾಗಿ ಉದುರುತ್ತದೆ. ತಾಜಮಹಲಿನ ಸುತ್ತಲ ಕಾರ್ಖಾನೆಗಳ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟದ್ದು ಅಮೃತಶಿಲೆಗೆ ಇದೇ ಗತಿ ಬರದಿರಲೆಂದು. ಮನೆಯ ಮಟ್ಟಿಗೆ ಉಪಾಯ ಸರಳ: ಹಬ್ಬಕ್ಕೆ ಸುಣ್ಣ ಬಳಿಯುವ ಪದ್ಧತಿಯನ್ನು ಬಿಡಬೇಡಿ. ಹೊಗೆ ಆ ತೆಳು ಪದರವನ್ನು ತಿನ್ನಲಿ, ಗೋಡೆ ಉಳಿಯುತ್ತದೆ. ಪ್ಲಾಸ್ಟಿಕ್ ಪೇಂಟ್ ಈ ಕೆಲಸ ಮಾಡುವುದಿಲ್ಲ.

5. ಚಂದಕ್ಕಿಂತ ಮುಂಚೆ ನೀರು

ತಾರಸಿಯ ವಾಟ, ಮಳೆನೀರಿನ ದೋಣಿ, ಗೋಡೆ ಬಿರುಕಿನ ಅರಳಿ ಸಸಿ — ಪ್ರತಿ ವರ್ಷದ ಕೆಲಸ ಇವು. ಚೆನ್ನೈನಲ್ಲಿ ಅಕ್ಟೋಬರ್ ಮಳೆಗೆ ಮೊದಲು, ನಮ್ಮಲ್ಲಿ ಜೂನ್‌ಗೆ ಮೊದಲು ಮುಗಿಸಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮಳೆಗಾಲದಲ್ಲಿ. ಅದಾದ ಮೇಲೆ ಕೆಡವೋಣವೇ, ಉಳಿಸೋಣವೇ ಎಂಬ ಜಗಳಕ್ಕೆ ವರ್ಷಗಳೇ ಹೋದವು.

6. ಬೀದಿಗೆ ಹಳೇ ಮುಖ, ಹಿತ್ತಿಲಿಗೆ ಹೊಸ ಕೋಣೆ

ವಿನ್ಯಾಸ ಪರಿಶೀಲಿಸುವವರು ಮೊದಲು ನೋಡುವುದು ಬೀದಿಯಿಂದ ಕಾಣುವುದನ್ನು: ಚಾವಣಿಯ ಇಳಿಜಾರು, ಎತ್ತರ, ಕಿಟಕಿಯ ಉದ್ದಗಲ, ಜಗಲಿ, ಕಿಟಕಿ ಮೇಲಿನ ಮರದ ಚೂಪು ಮುಚ್ಚಿಗೆಯಾದ ಮಂಕಿ ಟಾಪ್. ಹೊಸ ಮಹಡಿಯನ್ನು ಹಿಂದಕ್ಕೆ ಸರಿಸಿ. ನೀರಿನ ಟ್ಯಾಂಕು, ಸೌರ ಫಲಕ, ಏಸಿ ಪೆಟ್ಟಿಗೆ ಮುಂಭಾಗಕ್ಕೆ ಕಾಣದಿರಲಿ. ಹೊಸದನ್ನು ಹಳೆಯದರ ನಕಲು ಮಾಡಿ ಮೋಸದ ಕೆತ್ತನೆ ಅಂಟಿಸಬೇಡಿ, ಸರಳವಾಗಿದ್ದರೆ ಸಾಕು. ಮುಂದೊಂದು ದಿನ ಮಕ್ಕಳು ಬೇಡವೆಂದರೆ ಹಳೇ ಗೋಡೆಗೆ ಗಾಯವಾಗದಂತೆ ಬಿಚ್ಚಿ ತೆಗೆಯುವಂತಿರಲಿ. ಜಗಲಿ ಒಡೆದು ಕಾರು ನಿಲ್ಲಿಸುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಬೀದಿಯವರು ಕೂತು ಮಾತಾಡುವ ಜಾಗ ಅದು.

7. ಸಮಿತಿಯ ಮುಂದೆ ಖಾಲಿ ಕೈಯಲ್ಲಿ ಹೋಗಬೇಡಿ

ಈಗ ಇರುವ ನಕ್ಷೆ, ಮಾಡಬೇಕೆಂದಿರುವ ನಕ್ಷೆ ಎರಡನ್ನೂ ಒಯ್ಯಿರಿ. ಕೆಡವುವುದು ಹಳದಿ, ಹೊಸದು ಕೆಂಪು ಎಂಬ ಕಟ್ಟಡ ನಕ್ಷೆಯ ವಾಡಿಕೆ ಪಾಲಿಸಿ. ಎಷ್ಟು ಹೋಗುತ್ತದೆ ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು. ಬೀದಿಯ ಅಕ್ಕಪಕ್ಕದ ಮನೆಗಳ ಫೋಟೊ ಇರಲಿ. ಗೋಡೆಗೆ ಬಳಸುವ ವಸ್ತು ಯಾವುದೆಂದು ಬರೆದುಕೊಡಿ. ಕಾಂಕ್ರೀಟಿನ ಮನೆ ಕಟ್ಟಿಯೇ ಅಭ್ಯಾಸವಿರುವ ಎಂಜಿನಿಯರ್ ಹಳೇ ಗೋಡೆ ನೋಡಿದೊಡನೆ ‘ಕೆಡವಿ’ ಎನ್ನಬಹುದು. ಸುಣ್ಣದ ಕೆಲಸ ಬಲ್ಲ ವಾಸ್ತುಶಿಲ್ಪಿಯಿಂದ ಎರಡನೇ ಅಭಿಪ್ರಾಯ ಪಡೆಯಿರಿ. ಪರಂಪರೆ ಉಳಿಸಲು ದುಡಿಯುವ ಸಂಸ್ಥೆ ಇಂಟ್ಯಾಕ್‌ನ ಚೆನ್ನೈ, ಬೆಂಗಳೂರು ಘಟಕಗಳಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

8. ಕಟ್ಟಡಕ್ಕೊಂದು ಸಂಪಾದನೆ ಹುಡುಕಿ

ಪಾಲು ಕೇಳುವ ಅಣ್ಣತಮ್ಮಂದಿರ ಮುಂದೆ ಪರಂಪರೆಯ ಮಾತು ನಿಲ್ಲುವುದಿಲ್ಲ, ಬಾಡಿಗೆಯ ಲೆಕ್ಕ ನಿಲ್ಲುತ್ತದೆ. ಚೆಟ್ಟಿನಾಡಿನ ದೊಡ್ಡ ಮನೆಗಳು ಹೋಟೆಲುಗಳಾಗಿವೆ. ಆನೆಗೊಂದಿಯಲ್ಲಿ ಹಳೇ ಮನೆಗಳನ್ನು ರಿಪೇರಿ ಮಾಡಿ ಪ್ರವಾಸಿಗರಿಗೆ ಕೊಡುತ್ತಾರೆ. 1995ರಲ್ಲಿ ಪಾರಂಪರಿಕ ನಿಯಮ ತಂದ ಮುಂಬೈ, ಕಟ್ಟಲಾಗದ ಮಹಡಿಯ ಹಕ್ಕನ್ನು ಬೇರೆಡೆ ಮಾರುವ ಅವಕಾಶವನ್ನೂ ಕೊಟ್ಟಿತು. ನಿಮ್ಮ ಊರಲ್ಲಿ ಅಂಥ ಸೌಲಭ್ಯ ಇದೆಯೇ ಕೇಳಿ. ಮನೆಯನ್ನೇ ಬಿಚ್ಚಿ ಬೇರೆಡೆ ಜೋಡಿಸುವುದು ಕಡೆಯ ದಾರಿ. ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ವಿಜಯನಾಥ ಶೆಣೈ ಅದನ್ನು ಸಾಧಿಸಿದರು, ಆದರೆ ಅಂಥ ತಪಸ್ಸು ಎಲ್ಲರಿಂದಾಗದು.

9. ಕೆಡವುವ ಸುದ್ದಿ ಬಂದರೆ ಅಂದೇ ಹೊರಡಿ

ಚೆನ್ನೈನ ಮರೀನಾ ತೀರದ ಪೊಲೀಸ್ ಪ್ರಧಾನ ಕಚೇರಿ 1839ರಲ್ಲಿ ಫ್ರೀಮೇಸನ್ನರು ಕಟ್ಟಿದ ಕಟ್ಟಡ. 1990ರ ದಶಕದಲ್ಲಿ ಅದನ್ನು ಕೆಡವಲು ಹೊರಟಾಗ ಇಂಟ್ಯಾಕ್ ಕೋರ್ಟಿಗೆ ಹೋಯಿತು, ಕಟ್ಟಡ ಉಳಿಯಿತು. ಮೌಂಟ್ ರೋಡಿನ ಭಾರತ್ ಇನ್ಶೂರೆನ್ಸ್ ಕಟ್ಟಡದ ಕತೆ ಬೇರೆ. ಔಷಧ ವ್ಯಾಪಾರಿ ಡಬ್ಲ್ಯು.ಇ. ಸ್ಮಿತ್ 1897ರಲ್ಲಿ ಕಟ್ಟಿಸಿದ್ದ ಅದನ್ನು 2006ರಲ್ಲಿ ಜೀವ ವಿಮಾ ನಿಗಮ ಕೆಡವತೊಡಗಿತ್ತು. ತಡೆಯಾಜ್ಞೆ ಬರುವಷ್ಟರಲ್ಲಿ ಒಂದಷ್ಟು ಭಾಗ ಹೋಗಿತ್ತು. 2010ರಲ್ಲಿ ಕಟ್ಟಡದ ಪರವಾಗಿ ತೀರ್ಪು ಬಂತು. ಆಮೇಲೂ ಅದು ಬಾಗಿಲು ಮುಚ್ಚಿಕೊಂಡು, ಗಿಡಗಂಟಿ ಬೆಳೆಸಿಕೊಂಡು ವರ್ಷಗಟ್ಟಲೆ ಹಾಗೇ ನಿಂತಿತು. ಹಾಗಾಗಿ ಅರ್ಜಿ ಬರೆಸುವಾಗ ವಕೀಲರಿಗೆ ಹೇಳಿ: ಕೆಡವಬಾರದು ಎಂಬ ಕೋರಿಕೆಯ ಜೊತೆಗೆ ದುರಸ್ತಿ ಯಾರು ಮಾಡಬೇಕು, ಯಾವ ದಿನಾಂಕದೊಳಗೆ ಮಾಡಬೇಕು, ಅಲ್ಲಿಯವರೆಗೆ ಚಾವಣಿಗೆ ಆಸರೆ ಯಾರು ಕೊಡಬೇಕು ಎಂಬುದನ್ನೂ ಸೇರಿಸಲಿ.