ಅಳತೆ ಕೇಳದೆ ಕತ್ತರಿ ಹಾಕಬಾರದು

ಚಿರಂಜೀವಿ ಮೊಮ್ಮಗಳಿಗೆ,

ಮೊನ್ನೆ ರಾತ್ರಿಯಿಂದ ನಿನ್ನದೇ ಚಿಂತೆ ಹತ್ತಿದೆ. ಫೋನಿನಲ್ಲಿ ನೀನು ಬಿಕ್ಕುತ್ತ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಆಯಿ, ನಮ್ಮ ಅರಬಿ ಬಗ್ಗೆ ಎಲ್ಲಾರೂ ಮಾತಾಡಿದ್ರು. ನಮ್ಮನ್ನ ಒಬ್ರೂ ಕೇಳ್ಲಿಲ್ಲ." ಆಗ ನನಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇವತ್ತು ಹೊಲಿಗೆ ಮಷಿನ್ ಮುಚ್ಚಿಟ್ಟು ಈ ಪತ್ರ ಬರೆಯಲು ಕೂತಿದ್ದೇನೆ.

ನೀನು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಜಮಖಂಡಿಯಲ್ಲಿ ಕಬಡ್ಡಿ ಪಂದ್ಯ. ನಡುವಿನ ಬಿಡುವಿನಲ್ಲಿ, ಐಪಿಎಲ್‌ನಲ್ಲಿ ಮಾಡುವ ಹಾಗೆ, ನೀವು ಎಂಟು ಹುಡುಗಿಯರು ಕುಣಿದು ಆಟಗಾರರನ್ನು ಹುರಿದುಂಬಿಸಬೇಕಿತ್ತು. ತಿಂಗಳುಗಟ್ಟಲೆ ತಾಲೀಮು ಮಾಡಿದಿರಿ. ಹಿಂದಿನ ದಿನ ಬಾಡಿಗೆ ಡ್ರೆಸ್ಸು ಬಂತು. ಅರ್ಧ ತೊಡೆಗೆ ನಿಲ್ಲುವ ಲಂಗ, ಕೈ ಎತ್ತಿದರೆ ಹೊಕ್ಕುಳು ಕಾಣುವ ಮೇಲಂಗಿ. ಇಬ್ಬರು ಹುಡುಗಿಯರು ಹಾಕಿಕೊಳ್ಳುವುದಿಲ್ಲ ಅಂದರು. ತಂದವರು ಹಾಕಲೇಬೇಕು ಅಂತ ಹಟ ಹಿಡಿದರು. ಒಬ್ಬಳ ಅಪ್ಪ ಬಂದು ಜಗಳ ತೆಗೆದರು. ಕೊನೆಗೆ ಹಿರಿಯರು ಕೂತು, ಹುಡುಗಿಯರ ಕುಣಿತವೇ ಬೇಡ ಅಂತ ತೀರ್ಮಾನ ಕೊಟ್ಟರು. ಬೆಳಿಗ್ಗೆ ಡ್ರೆಸ್ಸು ತಪ್ಪಾಗಿತ್ತು. ಸಂಜೆ ಹೊತ್ತಿಗೆ ನೀವೇ ತಪ್ಪಾದಿರಿ.

"ಹುಡುಗೇರ ಅರಬಿಗೆ ನಿಯಮ ಬೇಕಾ ಆಯಿ?" ಅಂತ ಕೇಳಿದ್ದಿ. ಬೇಕು ಕೂಸೇ. ನಲವತ್ತು ವರ್ಷ ಶಾಲೆಯ ಸಮವಸ್ತ್ರವನ್ನೂ ಗ್ಯಾದರಿಂಗಿನ ಡ್ರೆಸ್ಸುಗಳನ್ನೂ ಹೊಲಿದವಳಾಗಿ ಹೇಳುತ್ತೇನೆ, ಬೇಕೇ ಬೇಕು. ಆದರೆ ಅಳತೆ ಕೇಳದೆ ಕತ್ತರಿ ಹಾಕಿದರೆ ಎಂಥ ಒಳ್ಳೆಯ ಬಟ್ಟೆಯೂ ಕೆಡುತ್ತದೆ. ತೊಡುವವಳನ್ನು ಕೇಳದೆ ಮಾಡಿದ ನಿಯಮವೂ ಹಾಗೆಯೇ. ಇದನ್ನು ನಾನು ಕಲಿತದ್ದು ಹೊಲಿಗೆಗಿಂತ ಮೊದಲು. ಆ ಸಂಗತಿಯನ್ನು ನಿನ್ನ ಅವ್ವನಿಗೂ ಹೇಳಿಲ್ಲ.

ಒಂಬತ್ತನೇ ಇಯತ್ತೆಯಲ್ಲಿ ನಾನು ಖೋ-ಖೋ ಆಡುತ್ತಿದ್ದೆ. ಪರಕಾರವನ್ನು ಮೊಣಕಾಲಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದೆ. ಕಂಬ ಹಿಡಿದು ತಿರುಗಿದೆನೆಂದರೆ ನನ್ನನ್ನು ಮುಟ್ಟುವವರು ಇರಲಿಲ್ಲ. ಜಿಲ್ಲಾ ಮಟ್ಟಕ್ಕೆ ನನ್ನ ಹೆಸರು ಬಂತು. ಆಗ ನಮ್ಮದಿನ್ನೂ ವಿಜಾಪುರ ಜಿಲ್ಲೆ; ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿ ಚಡ್ಡಿ ಹಾಕಿಯೇ ಆಡಬೇಕು ಅಂದರು ಮಾಸ್ತರರು. ಚಡ್ಡಿ ಹಾಕಿದರೆ ಹೊಸ್ತಿಲು ತುಳಿಯಬೇಡ ಅಂದ ನನ್ನ ಅಪ್ಪ. ಉದ್ದ ಪಾಯಿಜಾಮ ಹೊಲಿಸಿದರೆ ನಡೆಯುತ್ತದೇನ್ರಿ ಅಂತ ಅವ್ವ ಕೇಳಿದಳು. ರೂಲು ಅಂದರೆ ರೂಲು ಅಂದರು ಮಾಸ್ತರರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಮೂವರಲ್ಲಿ ಒಬ್ಬರಾದರೂ ಈ ಕಡೆ ತಿರುಗಿ "ನೀ ಏನಂತೀ?" ಅಂದಿದ್ದರೆ ಹೇಳಲು ನನ್ನ ಹತ್ತಿರ ಮಾತಿತ್ತು. ಯಾರೂ ಕೇಳಲಿಲ್ಲ. ಹುಡುಗಿಯರ ಬಸ್ಸು ಹೋಯಿತು. ಮರುವರ್ಷ ನನ್ನ ಲಗ್ನವಾಯಿತು.

ತೋರಿಸು ಅನ್ನುವವರು ಒಂದು ಕಡೆ, ಮುಚ್ಚು ಅನ್ನುವವರು ಇನ್ನೊಂದು ಕಡೆ. ನಾನು ಕಳೆದುಹೋದದ್ದು ಆ ಎರಡರ ನಡುವೆ. ಇದು ನಮ್ಮ ಓಣಿಯ ಸಂಕಟ ಅಂತ ಭಾಳ ವರ್ಷ ತಿಳಿದಿದ್ದೆ. 2021ರಲ್ಲಿ ನಾರ್ವೆ ದೇಶದ ಹುಡುಗಿಯರ ಸುದ್ದಿ ಬಂದಾಗ ಆ ತಿಳುವಳಿಕೆ ಹೋಯಿತು. ಸಮುದ್ರದ ಮರಳಿನ ಮೇಲೆ ಆಡುವ ಹ್ಯಾಂಡ್‌ಬಾಲ್ ಅದು. ಹುಡುಗಿಯರು ಬಿಕಿನಿಯನ್ನೇ ಹಾಕಬೇಕು, ಅದರ ಪಕ್ಕದ ಪಟ್ಟಿ 10 ಸೆಂಟಿಮೀಟರ್ ಮೀರಬಾರದು ಅಂತ ನಿಯಮವಿತ್ತು. ಗಂಡಸರಿಗೆ ಮಾತ್ರ ಚಡ್ಡಿ. ಆ ಹುಡುಗಿಯರು ನಮಗೂ ಚಡ್ಡಿ ಸಾಕು ಅಂತ ಹಾಕಿಕೊಂಡು ಆಡಿದರು. ಅದಕ್ಕೆ 1500 ಯೂರೋ ದಂಡ ಬಿತ್ತು. ನಾನು ಟೇಪು ತೆಗೆದು 10 ಸೆಂಟಿಮೀಟರ್ ಹಿಡಿದು ನೋಡಿದೆ. ನಾಲ್ಕು ಇಂಚೂ ಪೂರ್ತಿ ಇಲ್ಲ. ನನ್ನ ಅಂಗೈ ಅಗಲ. ಚೆಂಡು ಎಸೆಯುವುದಕ್ಕೂ ಆ ನಾಲ್ಕು ಇಂಚಿಗೂ ಏನು ಸಂಬಂಧವೋ ಆ ನಿಯಮ ಬರೆದವರೇ ಹೇಳಬೇಕು. ಊರೂರು ಛೀಮಾರಿ ಹಾಕಿದ ಮೇಲೆ ನಿಯಮ ಬದಲಾಯಿತು. 2022ರಿಂದ ಹುಡುಗಿಯರಿಗೂ ಚಡ್ಡಿ ಬಂತು.

ಇನ್ನೊಂದು ಕಡೆಯದೂ ಕೇಳು. 2011ರಲ್ಲಿ ಇರಾನಿನ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆಂದು ಜೋರ್ಡಾನ್‌ವರೆಗೆ ಹೋಗಿತ್ತು. ತಲೆಗೆ ಬಟ್ಟೆ ಕಟ್ಟಿದ್ದಾರೆ ಅಂತ ಮೈದಾನಕ್ಕೇ ಇಳಿಸಲಿಲ್ಲ. ಅವರ ದೇಶದ ನಿಯಮ ತಲೆ ಮುಚ್ಚು ಅನ್ನುತ್ತಿತ್ತು, ಆಟದ ನಿಯಮ ತೆಗೆ ಅನ್ನುತ್ತಿತ್ತು. 2014ರಲ್ಲಿ ಫಿಫಾ ತಲೆವಸ್ತ್ರಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ 2011ರ ಆ ಪಂದ್ಯ ಆ ಹುಡುಗಿಯರಿಗೆ ತಿರುಗಿ ಬರಲಿಲ್ಲ. ನನ್ನ ಬಸ್ಸಿನ ಹಾಗೆ.

ಈಗ ನಿಮ್ಮ ಕುಣಿತಕ್ಕೆ ಬರುತ್ತೇನೆ. ಐಪಿಎಲ್ ಶುರುವಾದದ್ದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ, 2008ರ ಏಪ್ರಿಲ್ 18ರಂದು. ನೀನಿನ್ನೂ ಹುಟ್ಟಿರಲಿಲ್ಲ. ಬೆಂಗಳೂರು ತಂಡಕ್ಕೆಂದು ಅಮೆರಿಕದಿಂದ ಚಿಯರ್‌ಲೀಡರ್‌ಗಳು ಬಂದಿದ್ದರು. ಅಂದಿನ ಪಂದ್ಯದಲ್ಲಿ ಮೆಕಲಮ್ ಹೊಡೆದ 158 ರನ್ನಿನಷ್ಟೇ ಅವರ ಬಟ್ಟೆಯದೂ ಸುದ್ದಿ. ಅಕ್ಕಲಕೋಟೆಯ ಸಿದ್ಧರಾಮ ಮ್ಹೇತ್ರೆ ಆಗ ಮಹಾರಾಷ್ಟ್ರದ ಗೃಹ ಖಾತೆಯ ರಾಜ್ಯ ಸಚಿವರು. ಹೆಣ್ಣನ್ನು ಪೂಜಿಸುವ ದೇಶದಲ್ಲಿ ಇಂಥ ಅಶ್ಲೀಲ ಕುಣಿತ ಸಲ್ಲದು ಅಂತ ಅವರು ಆಕ್ಷೇಪ ತೆಗೆದರು. ನಮ್ಮ ಮನೆಯಲ್ಲೂ ಅದೇ ಚರ್ಚೆ. ನಾನು ಅವರ ಬಟ್ಟೆಯ ಹೊಲಿಗೆ ನೋಡುತ್ತಿದ್ದೆ. ಎಷ್ಟು ಹಾರಿದರೂ ಒಂದು ಅಂಚು ಸರಿಯುತ್ತಿರಲಿಲ್ಲ. ಯಾರೂ ಕುಣಿಯುತ್ತ ಕೆಳಗೆ ಜಗ್ಗಿಕೊಳ್ಳುತ್ತಿರಲಿಲ್ಲ. ಅದು ಬೆಳೆದ ಹೆಂಗಸರಿಗೆ, ಅವರ ಮೈಗೆ, ಅವರ ಕಸುಬಿಗೆ ಹೊಲಿದ ಬಟ್ಟೆ.

ಅದರ ಚಿತ್ರ ನೋಡಿ ಕಾಪಿ ಹೊಡೆದು ಎಂಟು ಹುಡುಗಿಯರಿಗೆ ಒಂದೇ ಸೈಜಿನಲ್ಲಿ ತಂದರೆ ಏನಾಗುತ್ತದೆ? ಒಬ್ಬಳಿಗೆ ಬಿಗಿ, ಒಬ್ಬಳಿಗೆ ಸಡಿಲು, ಎಲ್ಲರಿಗೂ ಪಿನ್ನು. ಮನಸ್ಸೆಲ್ಲ ಪಿನ್ನಿನ ಮೇಲೆ ಇದ್ದರೆ ಹೆಜ್ಜೆ ಎಲ್ಲಿ ಬೀಳಬೇಕು? ಚಿಯರ್‌ಲೀಡಿಂಗ್ ಹುಟ್ಟಿದ ಅಮೆರಿಕದಲ್ಲೇ ಹೈಸ್ಕೂಲು ಹುಡುಗಿಯರಿಗೆ, ನೆಟ್ಟಗೆ ನಿಂತಾಗ ಹೊಟ್ಟೆ ಮುಚ್ಚಿರಬೇಕು ಅಂತ ನಿಯಮವಿದೆ. ಅಲ್ಲಿ ಅದು ಆಟ. ಒಬ್ಬರನ್ನೊಬ್ಬರು ಎತ್ತಿ, ಎಸೆದು, ಹಿಡಿಯುವ ಆಟ. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೂ ಅದಕ್ಕೆ ಮಾನ್ಯತೆ ಕೊಟ್ಟಿದೆ. ಆದ್ದರಿಂದ ನಿಯಮ ಕೇಳುವವರನ್ನೆಲ್ಲ ಹಳೆಯ ಕಾಲದವರು ಅಂತ ದೂರ ಮಾಡಬೇಡ. ಆ ಅಪ್ಪನ ಸಿಟ್ಟಿನೊಳಗೆ ಮಗಳ ಮೇಲಿನ ಅಕ್ಕರೆಯೂ ಇತ್ತು.

ನಾನೂ ಒಮ್ಮೆ ಹೊಲಿಯುವುದಿಲ್ಲ ಅಂದಿದ್ದೇನೆ. ಮೂರನೇ ಇಯತ್ತೆಯ ಮಕ್ಕಳ ಗ್ಯಾದರಿಂಗಿಗೆ ಒಬ್ಬರು ಮೊಬೈಲಿನಲ್ಲಿ ಸಿನಿಮಾ ಹಾಡಿನ ಡ್ರೆಸ್ಸು ತೋರಿಸಿ, "ಸೇಮ್ ಹಿಂಗ ಬೇಕ್ರಿ" ಅಂದರು. ಎಂಟು ವರ್ಷದ ಮಗುವಿನ ಬೆನ್ನಿಗೆ ಎರಡು ದಾರ ಬಿಟ್ಟರೆ ಬೇರೇನೂ ಇರಲಿಲ್ಲ. ಅಳತೆಗೆ ಬಂದ ಮಗು ತನ್ನ ಎರಡು ಕೈಯಿಂದ ಬೆನ್ನು ಮುಚ್ಚಿಕೊಳ್ಳಲು ನೋಡುತ್ತಿತ್ತು. ನಾನು ಟೇಪು ಸುತ್ತಿ ಕೆಳಗಿಟ್ಟೆ. ಆ ಮಗುವಿನ ಎರಡು ಕೈಯೇ ನನಗೆ ನಿಯಮ ಹೇಳಿತ್ತು.

ಹಾಗಂತ ಮೈಗೆ ಅಂಟುವ ಬಟ್ಟೆ, ತುಂಡು ಬಟ್ಟೆ ಎಲ್ಲವೂ ಕೆಟ್ಟದ್ದು ಅನ್ನಲಾರೆ. ಜಮಖಂಡಿ-ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಪಕ್ಕದಲ್ಲಿ ನಸುಕಿನಲ್ಲಿ ಸೈಕಲ್ ತುಳಿಯುವ ಹುಡುಗಿಯರನ್ನು ನೀನೂ ನೋಡಿದ್ದಿ. ಬಾಗಲಕೋಟೆ, ವಿಜಯಪುರದ ಕಡೆಯ ಸೈಕಲ್ ಹುಡುಗಿಯರು ಅಂದರೆ ದೇಶದಲ್ಲೇ ಹೆಸರು. ಅವರ ಚಡ್ಡಿ ಮೈಗೆ ಅಂಟಿರುತ್ತದೆ. ಸಡಿಲು ಬಟ್ಟೆ ಗಾಳಿ ಹಿಡಿಯುತ್ತದೆ, ಸರಪಳಿಗೆ ಸಿಗುತ್ತದೆ, ಸೀಟಿಗೆ ಉಜ್ಜಿ ತೊಡೆ ಕೆತ್ತಿಹೋಗುತ್ತದೆ. ಅದಕ್ಕೇ ಒಳಗೆ ಮೆತ್ತೆ ಕೂಡಿಸಿ ಬಿಗಿಯಾಗಿ ಹೊಲಿದಿರುತ್ತಾರೆ. ಕಬಡ್ಡಿಯಲ್ಲಿ ಸಡಿಲು ಅಂಗಿ ಎದುರಾಳಿಯ ಮುಷ್ಟಿಗೆ ಸಿಗುತ್ತದೆ. ಕಬ್ಬಿನ ಗದ್ದೆಯಲ್ಲಿ ಕಸ ತೆಗೆಯುವ ಹೆಂಗಸು ಮೊಣಕಾಲ ಮೇಲೆ ಸೀರೆ ಕಟ್ಟಿದರೆ ಯಾರೂ ಪಂಚಾಯಿತಿ ಕೂಡಿಸುವುದಿಲ್ಲ. ಕೆಲಸಕ್ಕೆ ತಕ್ಕ ಉಡುಗೆ ಅಂತ ಎಲ್ಲರಿಗೂ ಗೊತ್ತು. ಆಟವೂ ಒಂದು ಕೆಲಸ. ಅದರ ಬಟ್ಟೆಯನ್ನೂ ಅದೇ ಕಣ್ಣಿನಿಂದ ನೋಡಬೇಕು.

ಪೂರ್ತಿ ಮೈ ಮುಚ್ಚಿದ ಬಟ್ಟೆಯೂ ಹುಡುಗಿಯ ಮಾನ ಕಾಯದೆ ಹೋಗಬಹುದು. ಶಾಲೆಯ ಶನಿವಾರದ ಬಿಳಿ ಡ್ರೆಸ್ಸು ನೆನಪಿಸಿಕೋ. ಮುಟ್ಟಿನ ದಿನ ಅದನ್ನು ಹಾಕಿ ಡ್ರಿಲ್ಲಿಗೆ ನಿಲ್ಲಲು ಹೆದರಿ, ಶನಿವಾರ ಬಂತೆಂದರೆ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿದ ಹುಡುಗಿಯರು ನನ್ನ ಅಂಗಡಿಯ ಮೂಲೆಗೆ ಬಂದು ಪಿಸುಗುಟ್ಟಿದ್ದಾರೆ. ನಾನು ದುಡ್ಡು ತೆಗೆದುಕೊಳ್ಳದೆ ಒಳಗೆ ಹಾಕಲು ದಟ್ಟ ಬಣ್ಣದ ಚಡ್ಡಿ ಹೊಲಿದು ಕೊಟ್ಟಿದ್ದೇನೆ. ಬಿಳಿ ಬಟ್ಟೆಯ ಹಟಕ್ಕೆ ಹೆಸರಾದ ವಿಂಬಲ್ಡನ್ ಕೂಡ 2023ರಲ್ಲಿ ಆಟಗಾರ್ತಿಯರಿಗೆ ಲಂಗದೊಳಗೆ ದಟ್ಟ ಬಣ್ಣದ ಚಡ್ಡಿ ಹಾಕಲು ಬಿಟ್ಟಿತು. ಅವರೂ ಅದನ್ನು ತಿಳಿದದ್ದು ಹುಡುಗಿಯರು ಬಾಯಿ ಬಿಟ್ಟು ಹೇಳಿದ ಮೇಲೆಯೇ.

ಇನ್ನೊಂದು ಮಾತು. "ಕುಣಿಯೂದ ಬ್ಯಾಡ" ಅನ್ನುವ ತೀರ್ಪು ಎಷ್ಟು ನಷ್ಟ ತರುತ್ತದೆಂದು ತಿಳಿಯಬೇಕಾದರೆ ಬೀಳಗಿಯನ್ನು ನೆನೆ. ಅಮೀರ್‌ಬಾಯಿ ಕರ್ನಾಟಕಿ ಹುಟ್ಟಿದ ಊರದು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ನಾಟಕ ಕಂಪನಿ ಸೇರಿದರು. ಅಮೀರ್‌ಬಾಯಿ ಮುಂಬೈಗೆ ಹೋಗಿ 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದ್ದು ದೇಶವೆಲ್ಲ ಕೇಳಿತು. ಮರ್ಯಾದಸ್ಥರ ಮನೆಯ ಹೆಣ್ಣು ರಂಗದ ಮೇಲೆ ಬರಬಾರದು ಅನ್ನುತ್ತಿದ್ದ ಕಾಲ ಅದು. ಆ ಮಾತಿಗೆ ಬೀಳಗಿಯ ಅಕ್ಕತಂಗಿಯರು ಒಳಗೇ ಕೂತಿದ್ದರೆ ನಾವು ಇವತ್ತು ಹೆಮ್ಮೆಯಿಂದ ಹೇಳುವ ಎರಡು ಹೆಸರು ಇರುತ್ತಿರಲಿಲ್ಲ. ಮರ್ಯಾದೆಯ ನಿಯಮ ಹುಡುಗಿಯನ್ನು ರಂಗದ ಮೇಲೆ ಧೈರ್ಯವಾಗಿ ನಿಲ್ಲಿಸಬೇಕು. ರಂಗದಿಂದ ಇಳಿಸಿ ಮನೆಗೆ ಕಳಿಸುವುದು ನಿಯಮದ ಕೆಲಸವಲ್ಲ.

ಹಿರಿಯರು ಮತ್ತೆ ಕೂಡಿದಾಗ ನೀವು ಎಂಟು ಜನ ಒಟ್ಟಿಗೆ ಹೋಗಿ, ಕೈಮುಗಿದು, ತಲೆ ತಗ್ಗಿಸದೆ ನಾಲ್ಕು ಮಾತು ಹೇಳಿ. ಡ್ರೆಸ್ಸು ಪಂದ್ಯದ ಹಿಂದಿನ ದಿನ ಬರಬಾರದು. ಹದಿನೈದು ದಿನ ಮೊದಲೇ ಬರಲಿ. ಹಾಕಿಕೊಂಡು ಬಾಗಿ, ಹಾರಿ, ಕೈ ಎತ್ತಿ, ಕೂತು ಎದ್ದು ನೋಡುತ್ತೇವೆ. ಜೊತೆಗೆ ಅಕ್ಕೋರು ಒಬ್ಬರು ಇರಲಿ. ಯಾರಿಗೆ ಉದ್ದ ತೋಳು, ಪೂರ್ತಿ ಕಾಲು ಮುಚ್ಚುವ ಲೆಗ್ಗಿಂಗ್ ಬೇಕೋ ಅವರಿಗೆ ಅದೇ ಬಣ್ಣದಲ್ಲಿ ಸಿಗಲಿ. ಕಾರಣ ಕೇಳಬಾರದು, ತಂಡದಿಂದ ತೆಗೆಯಬಾರದು. ಹಾಡೂ ಹೆಜ್ಜೆಯೂ ನಮ್ಮ ವಯಸ್ಸಿಗೆ ಹೊಂದಲಿ. ಮತ್ತೆ, ನಿಯಮ ನಮಗಷ್ಟೇ ಬೇಡ: ಕೆಳಗಿನಿಂದ ಮೊಬೈಲು ಹಿಡಿದು ವಿಡಿಯೋ ಮಾಡುವವರನ್ನು, ಕೇಕೆ ಹಾಕಿ ಹೊಲಸು ಮಾತಾಡುವವರನ್ನು ಮೈದಾನದ ಹೊರಗೆ ಕಳಿಸುವ ನಿಯಮವೂ ಅದೇ ಕಾಗದದಲ್ಲಿ ಇರಲಿ.

ಅವರು ಒಪ್ಪಿದರೆ ಡ್ರೆಸ್ಸು ನಾನು ಹೊಲಿಯುತ್ತೇನೆ. ಬಟ್ಟೆ ನಾಲ್ಕೂ ಕಡೆ ಜಗ್ಗುವಂಥದ್ದು ತರಿಸುತ್ತೇನೆ. ಗುಳೇದಗುಡ್ಡದ ಖಣ ಜಗ್ಗುವುದಿಲ್ಲ, ಕುಣಿತಕ್ಕೆ ಆಗದು. ಆದರೆ ಕೊರಳಿಗೂ ಅಂಚಿಗೂ ಅದರದೇ ಪಟ್ಟಿ ಇಡುತ್ತೇನೆ, ದೂರದಿಂದ ನೋಡಿದರೂ ನಮ್ಮ ಕಡೆಯ ಹುಡುಗಿಯರು ಅಂತ ಗೊತ್ತಾಗಬೇಕು. ಬೆಳೆಯುವ ಮೈ ನಿಮ್ಮದು, ಒಳಗೆ ಎರಡು ಇಂಚು ಬಟ್ಟೆ ಬಿಟ್ಟಿರುತ್ತೇನೆ.

ಎಂಟೂ ಜನರ ಅಳತೆ ಬರೆದು ಬನಹಟ್ಟಿ ಬಸ್ಸಿಗೆ ಬರುವವರ ಕೈಯಲ್ಲಿ ಕಳಿಸು. ಎದೆ, ಸೊಂಟ, ಉದ್ದ, ತೋಳು. ಅದರ ಕೆಳಗೆ ಒಂದು ಸಾಲು ಖಾಲಿ ಬಿಡು. ಎಷ್ಟು ಮುಚ್ಚಿದರೆ ತನ್ನ ಮನಸ್ಸು ಕುಣಿತದಲ್ಲೇ ಇರುತ್ತದೆ ಅನ್ನುವುದನ್ನು ಪ್ರತಿಯೊಬ್ಬಳೂ ತನ್ನ ಕೈಯಿಂದಲೇ ಅಲ್ಲಿ ಬರೆಯಲಿ. ಆ ಸಾಲು ಓದಿದ ಮೇಲೆಯೇ ನಾನು ಕತ್ತರಿ ಕೈಗೆ ತೆಗೆದುಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಾಲೀಮು ಬಿಡಬೇಡ.

ನಿನ್ನ ಪ್ರೀತಿಯ
ಬನಹಟ್ಟಿ ಆಯಿ