ಡಿಜಿಸಿಎ ಮೊಹರಿನ ಹಿಂದೆ: ತರಬೇತಿ ಕಚೇರಿಯಲ್ಲಿ ಕಲಿತ ಪಾಠಗಳು

ಫ್ಲೈಯಿಂಗ್ ಸ್ಕೂಲಿನಲ್ಲಿ ಕ್ವಾಲಿಟಿ ಮ್ಯಾನೇಜರ್ ಅಂದರೆ ಯಾರಿಗೂ ಬೇಡದ ಮನುಷ್ಯ. ಇನ್‌ಸ್ಟ್ರಕ್ಟರುಗಳಿಗೆ ಅವನು ಅಡ್ಡಗಾಲು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಇನ್‌ಸ್ಪೆಕ್ಟರಿಗೆ ಶಾಲೆಯ ವಕೀಲ, ಫೀಸು ಕಟ್ಟಿದ ತಂದೆತಾಯಿಗೆ ಜಗಳಕ್ಕೆ ಸಿಗುವ ಮೊದಲ ಆಸಾಮಿ. ಮೊದಲು ಒಂದು ಪೈಲಟ್ ತರಬೇತಿ ಶಾಲೆಯಲ್ಲಿ, ಆಮೇಲೆ ಒಂದು ವಿಮಾನ ಕಂಪನಿಯ ತರಬೇತಿ ವಿಭಾಗದಲ್ಲಿ ಅದೇ ಕುರ್ಚಿಯಲ್ಲಿ ಕೂತವನು ನಾನು. ಅಲ್ಲಿ ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇನೆ.

1. ಅನುಮೋದನೆ ಪತ್ರದ ಎರಡನೇ ಪುಟ ಓದಿ

ತರಬೇತಿ ಸಂಸ್ಥೆಗೆ ಅನುಮೋದನೆ ಕೊಡುವ ಅಧಿಕಾರ ಡಿಜಿಸಿಎಗೆ ಬಂದಿರುವುದು 1937ರ ವಿಮಾನ ನಿಯಮಗಳ 41ಬಿ ನಿಯಮದಿಂದ. ಪತ್ರದ ಮೊದಲ ಪುಟವನ್ನು ಎಲ್ಲರೂ ಫ್ರೇಮು ಹಾಕಿಸಿ ರಿಸೆಪ್ಷನ್ನಿನಲ್ಲಿ ತೂಗುಹಾಕುತ್ತಾರೆ. ಅಸಲಿ ವಿಷಯ ಇರುವುದು ಅದರ ಜೊತೆಗಿನ ಹಾಳೆಗಳಲ್ಲಿ: ಯಾವ ಕೋರ್ಸು, ಯಾವ ನಿಲ್ದಾಣ, ಯಾವ ಮಾದರಿಯ ವಿಮಾನ, ಜವಾಬ್ದಾರಿ ಯಾರದು, ಯಾವ ತಾರೀಖಿನವರೆಗೆ. ಇವುಗಳಲ್ಲಿ ಒಂದು ಬದಲಾದರೂ ಮತ್ತೆ ದೆಹಲಿಗೆ ಬರೆಯಬೇಕು. ಚೀಫ್ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಹೆಚ್ಚು ಸಂಬಳಕ್ಕೆ ವಿಮಾನ ಕಂಪನಿ ಸೇರಿದರು ಅನ್ನಿ, ಅದು ಆಗಾಗ ಆಗುವಂಥದ್ದೇ, ಆ ಜಾಗಕ್ಕೆ ಬರುವವರನ್ನು ಡಿಜಿಸಿಎ ಒಪ್ಪುವ ತನಕ ಶಾಲೆ ಒಂಟಿಕಾಲಲ್ಲಿ ನಿಂತಿರುತ್ತದೆ. ಡೆಪ್ಯುಟಿಯನ್ನು ಮೊದಲೇ ತಯಾರು ಮಾಡಿಟ್ಟುಕೊಂಡ ಶಾಲೆಗಳಷ್ಟೇ ನೆಮ್ಮದಿಯಾಗಿ ಇರುವುದನ್ನು ನೋಡಿದ್ದೇನೆ.

ನಿಲ್ದಾಣದ ಮಾತೂ ಇಷ್ಟೇ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಬೆಳಗಾವಿ, ಕಲಬುರಗಿ ಸೇರಿ ಐದು ನಿಲ್ದಾಣಗಳಲ್ಲಿ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿತು. ನಮ್ಮೂರಿಗೆ ಪೈಲಟ್ ಸ್ಕೂಲ್ ಬಂತು ಎಂದು ಜನ ಖುಷಿಪಟ್ಟರು. ಆದರೆ ಪ್ರಾಧಿಕಾರ ಕೊಡುವುದು ಜಾಗ ಮಾತ್ರ. ಅಲ್ಲಿ ಕಲಿಸಲು ಡಿಜಿಸಿಎ ಅನುಮೋದನೆ ಬೇರೆಯೇ ಬೇಕು.

2. ಎರವಲು ಕೈಪಿಡಿ ಐದು ನಿಮಿಷ ಬಾಳದು

ಅರ್ಜಿಯ ಜೊತೆ ಸಲ್ಲಿಸುವ ಟ್ರೈನಿಂಗ್ ಅಂಡ್ ಪ್ರೊಸೀಜರ್ಸ್ ಮ್ಯಾನ್ಯುಯಲ್ ದಪ್ಪ ಪುಸ್ತಕ. ಬರೆಯುವ ಬೇಸರಕ್ಕೆ ಬೇರೆ ಶಾಲೆಯದನ್ನು ತಂದು ಹೆಸರು ಬದಲಿಸುವವರು ಇದ್ದಾರೆ. ಒಂದು ಕಡೆ ತಪಾಸಣೆಗೆ ಬಂದ ಅಧಿಕಾರಿ ಕೂತ ಕೂಡಲೇ ತುರ್ತು ಪರಿಸ್ಥಿತಿಯ ಅಧ್ಯಾಯ ತೆಗೆದರು. ಪುಸ್ತಕದಲ್ಲಿ ರನ್‌ವೇ 05-23. ಕಿಟಕಿಯಾಚೆ ಡಾಂಬರಿನ ಮೇಲೆ ಬಿಳಿ ಬಣ್ಣದಲ್ಲಿ ಕಾಣುತ್ತಿದ್ದದ್ದು 09. ಅವರು ಏನೂ ಕೇಳಲಿಲ್ಲ. ಪುಸ್ತಕ ಮುಚ್ಚಿ ಟೇಬಲ್ಲಿನ ಆ ಕಡೆಗೆ ಸರಿಸಿದರು. ಅವತ್ತಿನ ತಪಾಸಣೆ ಅಲ್ಲಿಗೆ ಮುಗಿಯಿತು.

3. ಲಾಗ್‌ಬುಕ್ ಒಂದೇ ಸಾಕ್ಷಿಯಲ್ಲ

ಹೊಸಬರಿಗೆ ನಾನು ಮೊದಲು ತೋರಿಸುತ್ತಿದ್ದದ್ದು ಇದನ್ನೇ. ಒಬ್ಬ ವಿದ್ಯಾರ್ಥಿ ಬೆಳಿಗ್ಗೆ ಒಂದು ಗಂಟೆ ಹಾರಿ ಬಂದರೆ ಅದು ಅವನ ಲಾಗ್‌ಬುಕ್ಕಿನಲ್ಲಿ ಇರುತ್ತದೆ. ಹೊರಡುವ ಮುಂಚೆ ಇನ್‌ಸ್ಟ್ರಕ್ಟರ್ ಸಹಿ ಮಾಡಿದ ಆಥರೈಸೇಶನ್ ಪುಸ್ತಕದಲ್ಲೂ ಇರುತ್ತದೆ. ವಿಮಾನದ ಟೆಕ್ ಲಾಗ್, ಇಂಧನ ತುಂಬಿದ ರಿಜಿಸ್ಟರ್, ಎಟಿಸಿ ಇದ್ದರೆ ಅವರ ದಾಖಲೆ, ಎಲ್ಲ ಕಡೆ ಅದೇ ಒಂದು ಗಂಟೆ ಕಾಣಿಸಬೇಕು. ಚಕ್ರಕ್ಕೆ ಅಡ್ಡ ಇಡುವ ಚಾಕ್ಸ್ ತೆಗೆದ ಹೊತ್ತು, ಇಟ್ಟ ಹೊತ್ತು ಹೊಂದಬೇಕು. ಜಾಣ ಇನ್‌ಸ್ಪೆಕ್ಟರ್ ಲಾಗ್‌ಬುಕ್ ಮುಟ್ಟುವುದೇ ಇಲ್ಲ, ಸೀದಾ ಇಂಧನದ ರಿಜಿಸ್ಟರ್ ಕೇಳುತ್ತಾರೆ. ಮಳೆಯಿಂದ ಇಡೀ ದಿನ ಏನೂ ಕಾಣದಿದ್ದ ತಾರೀಖಿಗೆ ಯಾರಾದರೂ ಸೋಲೋ ಹಾರಿದ್ದಾರೆಯೇ ಎಂದು ಹವಾಮಾನ ವರದಿ ಪಕ್ಕಕ್ಕಿಟ್ಟು ನೋಡುತ್ತಾರೆ.

ಇದು ಅತಿಯಾಯಿತು ಅನ್ನುವವರು 2011ನ್ನು ನೆನಪಿಸಿಕೊಳ್ಳಲಿ. ಆ ವರ್ಷ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದರು. ರಾಜಸ್ಥಾನದಲ್ಲಿ ಹಾರದ ಗಂಟೆಗಳನ್ನು ಹಾರಿದಂತೆ ಬರೆದ ಪ್ರಕರಣ ಹೊರಬಂತು. ಡಿಜಿಸಿಎ ಲೈಸೆನ್ಸುಗಳನ್ನೆಲ್ಲ ಮರುಪರಿಶೀಲನೆಗೆ ತೆಗೆದುಕೊಂಡಿತು. ನಿಯತ್ತಾಗಿ ಹಾರಿದವರೂ ಆಗ ಕಾಗದ ಹಿಡಿದು ಅಲೆದರು.

4. ಇನ್ನೂರು ಗಂಟೆಯ ಲೆಕ್ಕದಲ್ಲಿ ಕ್ಯಾಲೆಂಡರ್ ಅಡಗಿದೆ

ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಎಂಬುದು ಎಲ್ಲರಿಗೂ ಗೊತ್ತು. ಒಳಗಿನ ಷರತ್ತುಗಳನ್ನು ಓದಿದವರು ಕಡಿಮೆ. ಅದರಲ್ಲಿ 100 ಗಂಟೆ ಪೈಲಟ್-ಇನ್-ಕಮಾಂಡ್ ಆಗಿ ಹಾರಿರಬೇಕು. ಆ ನೂರರಲ್ಲಿ 15 ಗಂಟೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳೊಳಗಿನದಾಗಿರಬೇಕು. 20 ಗಂಟೆ ಕ್ರಾಸ್ ಕಂಟ್ರಿ, ಅದರಲ್ಲಿ ಒಂದು ಹಾರಾಟ 300 ನಾಟಿಕಲ್ ಮೈಲಿಗೆ ಕಡಿಮೆ ಇಲ್ಲದಂತೆ, ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು. ರಾತ್ರಿ ಹಾರಾಟ 5 ಗಂಟೆ, ಹತ್ತು ಟೇಕಾಫ್, ಹತ್ತು ಲ್ಯಾಂಡಿಂಗ್.

ಈಗ ಶಾಲೆಯ ವಿಮಾನವೊಂದು ಬಿಡಿಭಾಗಕ್ಕೆ ಕಾಯುತ್ತ ಹ್ಯಾಂಗರಿನಲ್ಲಿ ಕೂತಿತು ಎಂದುಕೊಳ್ಳಿ. ಮುಂದೆ ಮಳೆಗಾಲ. ರಾತ್ರಿ ದೀಪ ಇಲ್ಲದ ರನ್‌ವೇ ಆದರೆ ರಾತ್ರಿಯ ಐದು ಗಂಟೆಗೆ ಬೇರೆ ಊರಿಗೆ ಹೋಗಬೇಕು, ಅಲ್ಲಿನ ಸರದಿಗೆ ಕಾಯಬೇಕು. ಅಷ್ಟರಲ್ಲಿ ಆರು ತಿಂಗಳು ಜಾರುತ್ತದೆ, ಹದಿನೈದು ಗಂಟೆ ಹಳತಾಗುತ್ತದೆ. ವರ್ಷಕ್ಕೊಮ್ಮೆಯ ಕ್ಲಾಸ್ ಒನ್ ಮೆಡಿಕಲ್ ಅವಧಿ ಹತ್ತಿರ ಬರುತ್ತದೆ. ಹಾರಿದ್ದನ್ನೇ ಮತ್ತೆ ಹಾರಲು ಹುಡುಗ ಮತ್ತೆ ದುಡ್ಡು ಕಟ್ಟುತ್ತಾನೆ. ಅನುಮೋದನೆ ಇರುವ ಶಾಲೆಯಲ್ಲೂ ಹೀಗಾಗುತ್ತದೆ. ಹಾಗಾಗಿ ಶಾಲೆಯಲ್ಲಿ ಎಷ್ಟು ವಿಮಾನ ಇವೆ ಎಂದು ಕೇಳಿದರೆ ಸಾಲದು, ಇವತ್ತು ಎಷ್ಟು ಹಾರುತ್ತಿವೆ ಎಂದು ಕೇಳಬೇಕು.

5. ಕ್ಯಾಬಿನ್ ಸಿಬ್ಬಂದಿಯ ಮೊಹರು ಒಂದೇ ಅಲ್ಲ

ಪೈಲಟ್‌ಗಿರುವಂತೆ ಗಗನಸಖಿಗೆ ನಮ್ಮಲ್ಲಿ ಡಿಜಿಸಿಎ ಲೈಸೆನ್ಸ್ ಇಲ್ಲ. ವಿಮಾನ ಕಂಪನಿ ತಾನು ಸೇರಿಸಿಕೊಂಡವರಿಗೆ ತರಬೇತಿ ಕೊಡಬೇಕು, ಆ ತರಬೇತಿಯ ಪಠ್ಯಕ್ರಮಕ್ಕೆ ಡಿಜಿಸಿಎ ಒಪ್ಪಿಗೆ ಬೇಕು. ಅಪಾಯಕಾರಿ ಸರಕಿನ ಪಾಠ ಪ್ರತಿ 24 ತಿಂಗಳಿಗೆ ಮರಳಿ ಆಗಬೇಕು. ಭದ್ರತೆಯ ಪಾಠಕ್ಕೆ ಇನ್ನೊಂದೇ ಇಲಾಖೆ, ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ (ಬಿಸಿಎಎಸ್). ಒಂದೇ ಬ್ಯಾಚಿಗೆ ಎರಡು ಕಚೇರಿಯ ನಿಯಮ, ಬೇರೆ ಬೇರೆ ಗಡುವು. ಒಂದರ ತಾರೀಖು ತಪ್ಪಿದರೂ ಆ ಹುಡುಗಿಯನ್ನು ಡ್ಯೂಟಿಗೆ ಹಾಕುವಂತಿಲ್ಲ.

ಹಾಗಿರುವಾಗ ಜಿಲ್ಲಾ ಕೇಂದ್ರಗಳ ಬಸ್ ಸ್ಟ್ಯಾಂಡಿನೆದುರು ಬೋರ್ಡು ಹಾಕಿ ‘ಏರ್ ಹೋಸ್ಟೆಸ್ ಕೋರ್ಸ್’ ಮಾರುವವರು ಕೊಡುವುದೇನು? ಇಂಗ್ಲಿಷ್ ಮಾತು, ಮೇಕಪ್ಪು, ಇಂಟರ್‌ವ್ಯೂ ತಯಾರಿ. ಅದು ತಪ್ಪಲ್ಲ. ಆದರೆ ಅದಕ್ಕೆ ಲಕ್ಷಗಟ್ಟಲೆ ಸುರಿಯುವುದು ದಡ್ಡತನ. ಸ್ಲೈಡಿನಿಂದ ಜಾರುವುದು, ಹೊಗೆ ತುಂಬಿದ ಕ್ಯಾಬಿನ್ನಿನಲ್ಲಿ ಬಾಗಿಲು ಹುಡುಕುವುದು, ನೀರಿನಲ್ಲಿ ರಾಫ್ಟ್ ಏರುವುದು, ಇವನ್ನೆಲ್ಲ ಕೆಲಸ ಸಿಕ್ಕ ಮೇಲೆ ಕಂಪನಿಯೇ ಕಲಿಸಬೇಕು.

6. ಹಾಜರಿ ಪುಸ್ತಕ ತುಂಬಿದರೆ ಪಾಠ ಆದಂತಲ್ಲ

ಸಿಆರ್‌ಎಂ, ಅಂದರೆ ಕಾಕ್‌ಪಿಟ್ಟಿನಲ್ಲಿ ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳುವ ಪಾಠಕ್ಕೆ ಅನುಮೋದಿತ ಪಠ್ಯ ಇದೆ, ಗಂಟೆ ನಿಗದಿಯಾಗಿದೆ. ಆದರೂ ಸಹಿ ಹಾಕಿಸಿ, ಕಾಫಿ ಕುಡಿಸಿ ಮುಗಿಸುವ ಚಾಳಿ ಇದೆ. 2010ರ ಮೇ 22ರಂದು ಮಂಗಳೂರಿನ ಟೇಬಲ್‌ಟಾಪ್ ರನ್‌ವೇ ದಾಟಿ ವಿಮಾನ ಕಂದಕಕ್ಕೆ ಬಿದ್ದು 158 ಜನ ಸತ್ತರು. ಫಸ್ಟ್ ಆಫೀಸರ್ ಮೂರು ಸಲ ‘ಗೋ ಅರೌಂಡ್’, ಅಂದರೆ ಇಳಿಯದೆ ಮತ್ತೆ ಮೇಲೇರಿ, ಎಂದರೂ ಕ್ಯಾಪ್ಟನ್ ಇಳಿಯುವುದನ್ನು ಕೈಬಿಡಲಿಲ್ಲ ಎಂದು ವಿಚಾರಣಾ ವರದಿ ಹೇಳಿತು. ಸಿಆರ್‌ಎಂ ತರಗತಿಯಲ್ಲಿ ಮೊಬೈಲ್ ನೋಡುತ್ತ ಕೂತವರಿಗೆ ನಾನು ಈ ಒಂದು ಸಾಲು ಓದಿ ಹೇಳುತ್ತಿದ್ದೆ.

7. ಇನ್‌ಸ್ಪೆಕ್ಟರ್ ಬರೆದ ಆಕ್ಷೇಪಣೆಗೆ ಸಮಜಾಯಿಷಿ ಬೇಡ

ಏನು ತಪ್ಪಾಯಿತು, ಯಾಕಾಯಿತು, ಯಾವತ್ತು ಸರಿಪಡಿಸಿದಿರಿ, ಇಷ್ಟು ಬರೆದರೆ ಸಾಕು.

8. ಫೀಸು ಕಟ್ಟುವವರಿಗೆ

ಅನುಮೋದಿತ ಶಾಲೆಗಳ ಪಟ್ಟಿಯನ್ನು ಡಿಜಿಸಿಎ ಪ್ರಕಟಿಸುತ್ತದೆ. 2025ರಿಂದ ಶಾಲೆಗಳಿಗೆ ಶ್ರೇಣಿಯನ್ನೂ ಕೊಡುತ್ತಿದೆ. ಎರಡನ್ನೂ ನೋಡಿ. ಶಾಲೆಗೆ ಹೋದಾಗ ಅನುಮೋದನೆ ಪತ್ರವನ್ನು ಜೊತೆಗಿನ ಹಾಳೆಗಳ ಸಮೇತ ಕೇಳಿ: ನಿಮ್ಮ ಮಗ ಅಥವಾ ಮಗಳು ಸೇರುವ ಕೋರ್ಸು, ಹಾರುವ ನಿಲ್ದಾಣ, ಅವಧಿ ಮುಗಿಯುವ ದಿನ, ಮೂರೂ ಅದರಲ್ಲಿ ಇರಬೇಕು. ತೋರಿಸಲು ಹಿಂದೆಮುಂದೆ ನೋಡಿದರೆ ಚೆಕ್ಕು ಬರೆಯಬೇಡಿ.